ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಮೌಂಟನ್ ಬೈಕ್: ನನ್ನ ಅನುಭವ

ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ ಮೌಂಟನ್ ಬೈಕ್ ಒಯ್ಯಬೇಕೆನ್ನುವವರು ಮೊದಲು ಕಾರಿನ ಒಳಗೆ ಜಾಗ ಹುಡುಕಬೇಕು, ಹೊರಗಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನನ್ನದು ಸೆಕೆಂಡ್ ಹ್ಯಾಂಡ್ ಕೊಂಡ, ಎರಡನೆಯ ತಲೆಮಾರಿನ ಆಡಿ ಟಿಟಿ ಕೂಪೆ. ಸೈಕಲ್ 29 ಇಂಚಿನ ಚಕ್ರದ್ದು, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್. ಮನೆ ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಸಮೀಪ. ತುಳಿಯಬೇಕೆನಿಸುವ ಜಾಗಗಳೆಲ್ಲ ಮನೆಯಿಂದ ದೂರ: ಪೊಸಡಿಗುಂಪೆ ಗುಡ್ಡದ ಏರು, ಅನಂತಪುರದ ಸುತ್ತಿನ ಮುರಕಲ್ಲಿನ ಪದವು (ಎತ್ತರದ ಬಯಲು), ಪಾಣತ್ತೂರು ಕಡೆಯ ಗುಡ್ಡಗಳು. ಅಗಲ ಟೈರಿನ ಸೈಕಲ್ಲನ್ನು ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಲಾರಿಗಳ ನಡುವೆ ತುಳಿದು, ಗುಡ್ಡದ ಬುಡ ಮುಟ್ಟುವ ಹೊತ್ತಿಗೇ ದಣಿಯುವುದರಲ್ಲಿ ನನಗೆ ಸುಖವಿಲ್ಲ.

ಟಿಟಿ ಕೂಪೆಯ ದೊಡ್ಡ ಗುಣ ಅದರ ಹಿಂಬಾಗಿಲು. ಹಿಂದಿನ ಗಾಜಿನ ಸಮೇತ ಇಡೀ ಬಾಗಿಲು ಮೇಲಕ್ಕೇಳುತ್ತದೆ. ಹಿಂದಿನ ಸೀಟು ಮಕ್ಕಳಿಗೂ ಇಕ್ಕಟ್ಟು, ಆದರೆ ಅದರ ಬೆನ್ನು ಮಡಚಿದರೆ ಸುಮಾರು 290 ಲೀಟರಿನ ಡಿಕ್ಕಿ 700 ಲೀಟರಿನಷ್ಟಾಗುತ್ತದೆ. ಎರಡೂ ಚಕ್ರ ಕಳಚಿದ ಸೈಕಲ್ಲಿಗೆ ಅಷ್ಟು ಸಾಕು. ಡಿಕ್ಕಿ ಬೇರೆ, ಸೀಟು ಬೇರೆ ಆಗಿರುವ ಕಾರುಗಳಲ್ಲಿ, ಬಟ್ಟೆಯ ಚಾವಣಿಯ ರೋಡ್‌ಸ್ಟರ್‌ಗಳಲ್ಲಿ ಈ ಅನುಕೂಲವಿಲ್ಲ. ಕಾರು ಕೊಳ್ಳುವ ಮೊದಲೇ ಸೈಕಲ್ಲಿನ ಯೋಚನೆ ಇದ್ದರೆ ಹಿಂಬಾಗಿಲನ್ನು ಎತ್ತಿಸಿ, ಸೀಟು ಮಡಚಿಸಿ ನೋಡಿ.

ಹೇರುವ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಚೈನನ್ನು ಹಿಂದಿನ ಅತಿ ಸಣ್ಣ ಹಲ್ಲುಚಕ್ರಕ್ಕೆ ಇಳಿಸುತ್ತೇನೆ. ಆಗ ಗೇರು ಬದಲಿಸಲು ಚೈನನ್ನು ಸರಿಸುವ ಡಿರೇಲರ್ ಹೊರಕ್ಕೆ ಸರಿದು ಚಕ್ರ ತಡೆಯಿಲ್ಲದೆ ಕಳಚಿಕೊಳ್ಳುತ್ತದೆ. ಚಕ್ರ ತೆಗೆದ ಕೂಡಲೇ, ಅದರ ನಡುವೆ ತೂರಿ ಬಿಗಿಯುವ ಕಡ್ಡಿಗಳಾದ ಥ್ರೂ ಆ್ಯಕ್ಸಲ್‌ಗಳನ್ನು ಅವುಗಳ ಜಾಗಕ್ಕೇ ಮರಳಿ ತಿರುಗಿಸಿಬಿಡುತ್ತೇನೆ. ಕಳೆದುಹೋಗುವ ಭಯವಿಲ್ಲ, ಮುಂಚಕ್ರ ಹಿಡಿಯುವ ಫೋರ್ಕಿನ ತುದಿಗೂ ಬಲ ಬರುತ್ತದೆ. ಆಮೇಲೆ ಬ್ರೇಕ್ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡು. ಇದನ್ನು ಯಾರೂ ಕಡೆಗಣಿಸಬಾರದು. ಪ್ಯಾಡುಗಳು ಅದುಮಿ ಹಿಡಿಯುವ ಚಕ್ರದ ಲೋಹದ ತಟ್ಟೆ, ಅಂದರೆ ಡಿಸ್ಕ್, ಇಲ್ಲದಿರುವಾಗ ಹೈಡ್ರಾಲಿಕ್ ಬ್ರೇಕಿನ ಲಿವರನ್ನು ಅದುಮಿದರೆ ಪಿಸ್ಟನ್‌ಗಳು ಮುಂದೆ ಬಂದು ಪ್ಯಾಡುಗಳು ಒಂದಕ್ಕೊಂದು ಕಚ್ಚಿ ನಿಲ್ಲುತ್ತವೆ, ಮತ್ತೆ ಡಿಸ್ಕ್ ಒಳಗೆ ಹೋಗುವುದಿಲ್ಲ. ಇಕ್ಕಟ್ಟಿನ ಡಿಕ್ಕಿಯಲ್ಲಿ ಲಿವರಿಗೆ ಏನಾದರೂ ಒತ್ತುವುದು ಖಂಡಿತ.

ಫ್ರೇಮನ್ನು ಎಡಮಗ್ಗುಲಾಗಿ, ಚೈನು ಮೇಲೆ ಬರುವಂತೆ ಮಲಗಿಸುತ್ತೇನೆ. ಸೀಟ್ ಪೋಸ್ಟ್ ಪೂರ್ತಿ ಕೆಳಗೆ, ಹ್ಯಾಂಡಲ್ ಒಂದು ಬದಿಗೆ. ಕೆಳಗೆ ಹಳೆಯ ಕಂಬಳಿ ಇದ್ದರೂ ಫ್ರೇಮಿನ ಹಿಂತುದಿ ಕಾರ್ಪೆಟ್ಟನ್ನು ಹರಿಯಬಹುದು. ಅಲ್ಲಿಗೆ ಅಡಿಕೆ ಹಾಳೆ ನನಗೆ ಬಹಳ ಹಿಡಿಸಿದೆ. ತೋಟದಲ್ಲಿ ಬಿದ್ದ ಹಾಳೆಯನ್ನು ನೀರಿನಲ್ಲಿ ನೆನೆಸಿದರೆ ತೊಗಲಿನಂತೆ ಬಗ್ಗುತ್ತದೆ. ಬೇಕಾದ ಆಕಾರಕ್ಕೆ ಮಡಚಿ, ದಾರ ಕಟ್ಟಿ ಒಣಗಿಸಿದರೆ ಆ ಮಡಿಕೆ ಹಾಗೆಯೇ ನಿಲ್ಲುತ್ತದೆ. ಒಂದು ತುಂಡು ಫ್ರೇಮಿನ ಹಿಂತುದಿಗೆ, ಇನ್ನೊಂದು ಚೈನ್‌ರಿಂಗಿನ ಹಲ್ಲಿಗೆ. ಗ್ರೀಸು ತಾಗಿ ಹಾಳಾದರೆ ಗೊಬ್ಬರದ ಗುಂಡಿಗೆ ಎಸೆದು ಹೊಸದು ಮಾಡಿಕೊಳ್ಳಬಹುದು.

ಒಂದು ಚಕ್ರ ಫ್ರೇಮಿನ ಮೇಲೆ, ಡಿಸ್ಕ್ ಮೇಲ್ಮುಖವಾಗಿ. ಇನ್ನೊಂದು ಮುಂದಿನ ಎಡ ಸೀಟಿನ ಬೆನ್ನಿಗೆ ಒರಗಿ. ಎಲ್ಲವನ್ನೂ ಬಿಗಿಯಾಗಿ ಪಟ್ಟಿ ಹಾಕಿ ಕಟ್ಟುತ್ತೇನೆ. ಹದಿಮೂರು ಹದಿನಾಲ್ಕು ಕಿಲೋ ಲೋಹ ಗಟ್ಟಿ ಬ್ರೇಕಿಗೆ ಮುಂದೆ ಹಾರಿದರೆ ತಡೆಯಲು ನಮ್ಮ ತಲೆಯ ಹೊರತು ಬೇರೇನೂ ಇರುವುದಿಲ್ಲ. ಹಿಂಬಾಗಿಲನ್ನು ಕೈಯಲ್ಲೇ ಹಿಡಿದು ಇಳಿಸಬೇಕು, ಗಾಜಿಗೂ ಹ್ಯಾಂಡಲಿಗೂ ನಡುವೆ ಬೆರಳು ತೂರುವಷ್ಟು ಎಡೆ ಉಳಿದಿದೆಯೇ ಎಂದು ಬಗ್ಗಿ ನೋಡಬೇಕು.

ಹಿಂಬಾಗಿಲಿಗೆ ಪಟ್ಟಿ ಬಿಗಿದು ತೂಗುಹಾಕುವ ರ‍್ಯಾಕ್ ಈ ಕಾರಿಗೆ ಬೇಡ. ಅಲ್ಲೊಂದು ಸ್ಪಾಯ್ಲರ್ (ಗಾಳಿಗೆ ಒಡ್ಡುವ ರೆಕ್ಕೆಯಂಥ ಪಟ್ಟಿ) ಇದೆ, ಗಂಟೆಗೆ 120 ಕಿ.ಮೀ. ವೇಗದಲ್ಲಿ ತಾನಾಗಿ ಏಳುತ್ತದೆ, ಗುಂಡಿ ಒತ್ತಿದರೂ ಏಳುತ್ತದೆ. ಅದರ ಮೇಲೆ ಭಾರ ಹೇರುವಂತಿಲ್ಲ. ನಂಬರ್ ಪ್ಲೇಟು, ಹಿಂದಿನ ದೀಪಗಳು ಮರೆಯಾಗುವುದೂ ಕಾನೂನಿಗೆ ವಿರುದ್ಧ. ಕೇರಳದ ರಸ್ತೆಗಳಲ್ಲಿ 2023ರಿಂದ ಸಂಚಾರ ನಿಯಮ ಮುರಿದವರನ್ನು ಹಿಡಿಯುವ ಎಐ ಕ್ಯಾಮೆರಾಗಳಿವೆ. ಅವು ಇಲ್ಲದಿದ್ದರೂ ಹಿಂದಿನಿಂದ ಬರುವವರಿಗೆ ಬ್ರೇಕ್ ದೀಪ ಕಾಣದಂತೆ ಓಡಿಸುವುದು ಅನ್ಯಾಯ.

ಜೊತೆಗೆ ಗೆಳೆಯನೊಬ್ಬ ಅವನ ಸೈಕಲ್ ಸಮೇತ ಬರುವಾಗ ಮಾತ್ರ ಚಾವಣಿಯ ಮೊರೆ ಹೋಗುತ್ತೇನೆ. ಟಿಟಿಯ ಚಾವಣಿಗೆ ರೇಲ್ ಇಲ್ಲ, ಅಲ್ಯೂಮಿನಿಯಂ ಆದ್ದರಿಂದ ಅಯಸ್ಕಾಂತವೂ ಹಿಡಿಯದು. ಉಳಿದದ್ದು ಗಾಳಿ ಎಳೆದು ಅಂಟಿಸುವ ವ್ಯಾಕ್ಯೂಮ್ ಬಟ್ಟಲುಗಳ ರ‍್ಯಾಕ್. ಸೀಸಕ್ಕರ್ ಮಾದರಿಯ ಆ ರ‍್ಯಾಕಿನಲ್ಲಿ ಆರು ಇಂಚಿನ ಬಟ್ಟಲುಗಳು ಚಾವಣಿಯ ಮೇಲೆ ಕೂತು ಫೋರ್ಕನ್ನು ಹಿಡಿಯುತ್ತವೆ, ಹಿಂಚಕ್ರದ ಬಟ್ಟಲು ಹಿಂದಿನ ಗಾಜಿನ ಮೇಲೆ ಕೂರುತ್ತದೆ. ಸೈಕಲ್ ಇಳಿಸುವ ತನಕ ಹಿಂಬಾಗಿಲು ತೆರೆಯುವಂತಿಲ್ಲ. ಪ್ರತಿ ಬಟ್ಟಲಿಗೂ ಸಣ್ಣ ಪಂಪಿದೆ. ಅದರ ಕಡ್ಡಿಯಲ್ಲಿ ಕಿತ್ತಳೆ ಗೆರೆ ಕಂಡರೆ ಹಿಡಿತ ಸಡಿಲವಾಗುತ್ತಿದೆ, ಮತ್ತೆ ಪಂಪ್ ಮಾಡಬೇಕು ಎಂದರ್ಥ. ನಮ್ಮ ಕೆಂಪು ಮಣ್ಣಿನ ಧೂಳು ಇದಕ್ಕೆ ಶತ್ರು. ಕಣ್ಣಿಗೆ ಕಾಣದಷ್ಟು ಮಣ್ಣು ಅಂಚಿನಡಿ ಉಳಿದರೂ ಗಾಳಿ ನುಸುಳುತ್ತದೆ, ಬಣ್ಣಕ್ಕೂ ಗೀರು ಬೀಳುತ್ತದೆ. ಚಾವಣಿ, ಗಾಜು, ಬಟ್ಟಲು ಮೂರನ್ನೂ ಒದ್ದೆ ಬೈರಾಸಿನಿಂದ ಒರೆಸಿ, ಆಮೇಲೆ ಅಂಟಿಸುತ್ತೇನೆ. ಹೊರಟು ಸ್ವಲ್ಪ ದೂರದಲ್ಲೇ ನಿಲ್ಲಿಸಿ ಗೆರೆ ನೋಡುತ್ತೇನೆ, ಚಹಾಕ್ಕೆ ನಿಲ್ಲಿಸಿದಾಗಲೂ ನೋಡುತ್ತೇನೆ. ವೇಗ 80 ದಾಟುವುದಿಲ್ಲ. ಕಾರಿನ ಎತ್ತರ 1.35 ಮೀಟರ್ ಮಾತ್ರ ಎಂಬ ಅಭ್ಯಾಸದಲ್ಲಿ ಹಲಸಿನ ಕೊಂಬೆಯ ಅಡಿಗೋ ಕಾರ್ ಶೆಡ್ಡಿಗೋ ನುಗ್ಗದಂತೆ, ಸೈಕಲ್ ಮೇಲಿರುವಾಗ ಸ್ಟೀರಿಂಗಿಗೆ ಒಂದು ಕೆಂಪು ರಿಬ್ಬನ್ ಕಟ್ಟುತ್ತೇನೆ.

ಪೊಸಡಿಗುಂಪೆಗೆ ಹೋಗುವಾಗ ಕಾರನ್ನು ಧರ್ಮತ್ತಡ್ಕದ ಕಡೆ ಡಾಂಬರು ಚೆನ್ನಾಗಿರುವಲ್ಲೇ ಬಿಡುತ್ತೇನೆ. ತಗ್ಗಿನ ಕಾರನ್ನು ಕಲ್ಲುದಾರಿಗೆ ತರಬಾರದು, ಆ ದಾರಿ ಸೈಕಲ್ಲಿನದ್ದು. ಚಕ್ರ ಜೋಡಿಸಿ, ಆ್ಯಕ್ಸಲ್ ಬಿಗಿದು, ಬ್ರೇಕ್ ಲಿವರ್ ಗಟ್ಟಿಯಾಗುವ ತನಕ ಅದುಮುತ್ತೇನೆ. ಮಲಗಿಸಿ ತಂದ ಹೈಡ್ರಾಲಿಕ್ ಬ್ರೇಕಿನಲ್ಲಿ ಗಾಳಿಗುಳ್ಳೆ ಸರಿದಿರಬಹುದು, ಇಳಿಜಾರಿಗೆ ಮೊದಲೇ ಅದು ತಿಳಿಯಬೇಕು. ಮೇಲೆ ಹೋದರೆ, 1,060 ಅಡಿ ಎತ್ತರದಿಂದ ಪಡುವಣಕ್ಕೆ ಅರಬ್ಬೀ ಸಮುದ್ರ, ಆಕಾಶ ತಿಳಿಯಾಗಿದ್ದರೆ ಇನ್ನೊಂದು ಬದಿಗೆ ಕುದುರೆಮುಖದ ಸಾಲು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ ಮಳೆಗಾಲದಲ್ಲಿ ಕೆಸರಾದ ಸೈಕಲ್ಲನ್ನು ಒಳಗೆ ಹಾಕದೆ ಉಪಾಯವಿಲ್ಲ. ಎರಡು ಕ್ಯಾನ್ ನೀರು ಕಾರಿನಲ್ಲೇ ಇರುತ್ತದೆ, ಅಲ್ಲೇ ತೊಳೆದು ಒರೆಸಿ ಕಂಬಳಿಯ ಮೇಲೆ ಟಾರ್ಪಾಲು ಹಾಸುತ್ತೇನೆ. ಮನೆಗೆ ಬಂದ ಮೇಲೆ ಶೆಡ್ಡಿನಲ್ಲಿ ಹಿಂಬಾಗಿಲು ತೆರೆದಿಟ್ಟು, ಕಾರ್ಪೆಟ್ಟಿನ ಮೇಲೆ ಫ್ಯಾನ್ ಹಾಕುತ್ತೇನೆ. ಹಾಗೆ ಮಾಡದಿದ್ದರೆ ಆಟಿ ತಿಂಗಳ (ಜುಲೈ–ಆಗಸ್ಟ್) ತೇವಕ್ಕೆ ಬೂಸಲು ಹಿಡಿಯಲು ಎರಡು ದಿನ ಸಾಕು.