ಆಗುತ್ತೆ ಮೇಡಂ

ಹಾಸನದಿಂದ ಪುಣೆಗೆ ಬಂದ ಹೊಸದರಲ್ಲಿ ನಾನು ಮೊದಲು ಕಲಿತ ಮರಾಠಿ ಮಾತು 'ಹೋಈಲ'. ಹಿಂದಿಯವರು 'ಹೋ ಜಾಯೇಗಾ' ಅಂತಾರೆ. ನಮ್ಮ ಕಡೆ 'ಆಗುತ್ತೆ'. ಮೂರರ ಕಥೆಯೂ ಒಂದೇ. 'ಆಗುತ್ತೆ' ಅಂದರೆ ಮುಗಿಸಿ ಕೊಡ್ತೀನಿ ಅಂತಲೂ ಇರಬಹುದು. ಮಾಡೋಕೆ ಬರುತ್ತೆ, ಯಾವಾಗ ಅಂತ ಕೇಳಬೇಡಿ ಅಂತಲೂ ಇರಬಹುದು. ಸದ್ಯಕ್ಕೆ ನನ್ನ ಪಾಡಿಗೆ ನನ್ನ ಬಿಡಿ ಅಂತಲೂ ಇರಬಹುದು. ಯಾವ 'ಆಗುತ್ತೆ' ಅಂತ ಗೊತ್ತಾಗೋ ಹೊತ್ತಿಗೆ ಕೊಡಬೇಕಾದ ದಿನ ಬಂದಿರುತ್ತೆ.

ಇದು ನನಗೆ ಸರಿಯಾಗಿ ತಲೆಗೆ ಹೋಗಿದ್ದು 2017ರಲ್ಲಿ. ಆಗ ಒಂಬತ್ತು ಜನರ ಟೀಮಿಗೆ ನಾನು ಲೀಡ್. ಆಫೀಸು ಹಿಂಜೆವಾಡಿಯಲ್ಲಿ. ಕ್ಲೈಂಟ್ ಅಂಗಡಿ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ. ವೈರು, ಸ್ವಿಚ್ಚು, ಫ್ಯೂಸುಗಳ ಹೋಲ್‌ಸೇಲ್ ವ್ಯಾಪಾರ. ಅವರ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರನ್ನು ವ್ಯಾಟ್ ಅನ್ನೋ ಹಳೇ ಮಾರಾಟ ತೆರಿಗೆಯಿಂದ ಜಿಎಸ್‌ಟಿಗೆ ತರಬೇಕಿತ್ತು.

ಸಾಮಾನ್ಯವಾಗಿ ಪ್ರಾಜೆಕ್ಟಿನಲ್ಲಿ ಏನು ಮಾಡಬೇಕು ಅನ್ನೋದು ಗೊತ್ತಿರುತ್ತೆ, ತಾರೀಖು ಎಳೆದಾಡಬಹುದು. ಇಲ್ಲಿ ಉಲ್ಟಾ. ಜಿಎಸ್‌ಟಿ ಶುರುವಾಗೋದು ಜುಲೈ 1 ಅಂದರೆ ಜುಲೈ 1. ಅದನ್ನು ಮುಂದಕ್ಕೆ ಹಾಕಿ ಅಂತ ಕೇಳೋಕೆ ನಾವ್ಯಾರು? ಆದರೆ ಮಾಡಬೇಕಾದ್ದು ಮಾತ್ರ ದಿನಾ ಬದಲಾಗುತ್ತಿತ್ತು. ಮೇ 18, 19ರಂದು ಶ್ರೀನಗರದಲ್ಲಿ ಜಿಎಸ್‌ಟಿ ಕೌನ್ಸಿಲ್ ಸೇರಿ ಹೆಚ್ಚಿನ ಸಾಮಾನುಗಳ ತೆರಿಗೆ ದರ ನಿಗದಿ ಮಾಡಿತು. ಉಳಿದ ಕೆಲವಕ್ಕೆ ಜೂನ್ 3ರಂದು. ಅಬ್ಬಾ, ಮುಗೀತು ಅಂತ ಕೂತರೆ ಜೂನ್ 11ಕ್ಕೆ 66 ವಸ್ತುಗಳ ದರ ಮತ್ತೆ ಬದಲು. ಅವುಗಳಲ್ಲಿ ನಮ್ಮ ಕ್ಲೈಂಟ್ ಮಾರೋದು ಇದೆಯಾ ಅಂತ ನೋಡೋಕೇ ಅರ್ಧ ದಿನ ಹೋಯಿತು.

ಮೊದಲು ಮಾಡಿದ ಒಳ್ಳೆ ಕೆಲಸ ಹೇಳಿಬಿಡ್ತೀನಿ. ತೆರಿಗೆ ದರ ಕೋಡಿನೊಳಗೆ ಎಲ್ಲೂ ಇರಬಾರದು ಅಂತ ಹಟ ಹಿಡಿದೆ. ಎಲ್ಲ ಒಂದು ಟೇಬಲ್‌ನಲ್ಲಿ: ಎಚ್‌ಎಸ್‌ಎನ್ ಕೋಡ್ (ಸಾಮಾನು ಯಾವುದು ಅಂತ ಹೇಳೋ ನಂಬರ್), ದರ, ಯಾವ ತಾರೀಖಿನಿಂದ, ಯಾವ ತಾರೀಖಿನವರೆಗೆ. 'ಇನ್ನೂ ಶುರುವೇ ಆಗದ ತೆರಿಗೆಗೆ ಕೊನೆಯ ತಾರೀಖು ಯಾಕೆ?' ಅಂತ ಒಬ್ಬ ಡೆವಲಪರ್ ನಕ್ಕ. ಒಂದೇ ತಿಂಗಳಲ್ಲಿ ಮೂರು ಸಲ ಕೂತು ಬರೆದವರು ನಾಲ್ಕನೇ ಸಲ ಬರೆಯಲ್ಲ ಅಂತ ಏನು ಗ್ಯಾರಂಟಿ, ಅಲ್ವಾ?

ಇನ್ನು ರಿಸ್ಕ್ ರಿಜಿಸ್ಟರ್, ಅಂದರೆ ಏನೇನು ಕೆಡಬಹುದು ಅನ್ನೋ ಪಟ್ಟಿ. ಕಂಪನಿಯ ಎಕ್ಸೆಲ್ ಟೆಂಪ್ಲೇಟ್ ಒಂದಿತ್ತು. ಆಗುವ ಸಂಭವಕ್ಕೆ 1ರಿಂದ 5, ಆದರೆ ಆಗುವ ಪೆಟ್ಟಿಗೆ 1ರಿಂದ 5. ಎರಡನ್ನೂ ಗುಣಿಸಿದರೆ ಒಂದು ಬಣ್ಣ. ನಮ್ಮದರಲ್ಲಿ ಬಹುಪಾಲು ಹಳದಿ. ಕೆಂಪು ಹಾಕಿದರೆ ಮೇಲಿನವರು ಕರೆದು ಕೇಳ್ತಾರೆ, ಹಸಿರು ಹಾಕಿದರೆ ಆಮೇಲೆ ಬೈಸಿಕೊಳ್ಳಬೇಕು. ಹಳದಿ ಹಾಕಿದರೆ ಎಲ್ಲರೂ ಸುಮ್ನೆ ಇರ್ತಾರೆ. 'ಸರ್ವರ್ ಕೆಡಬಹುದು', 'ಜನ ಕೆಲಸ ಬಿಡಬಹುದು' ಅಂತೆಲ್ಲ ಇಪ್ಪತ್ತೆರಡು ಸಾಲು ಬರೆದಿದ್ದೆವು. ಅವುಗಳಲ್ಲಿ ಒಂದೂ ನಿಜ ಆಗಲಿಲ್ಲ. ಆದದ್ದು ಅದರಲ್ಲಿ ಇರಲಿಲ್ಲ.

ಕ್ಲೈಂಟ್ ಕಡೆ ಲೆಕ್ಕಪತ್ರ ನೋಡುತ್ತಿದ್ದವರು ನಿಪ್ಪಾಣಿಯ ಒಬ್ಬ ಹಿರಿಯರು. ಎಲ್ಲರಿಗೂ ಅವರು ಕಾಕಾ. ಅಂಗಡಿಯಲ್ಲಿ ಮರಾಠಿ, ನಾನು ಹೋದರೆ ಕನ್ನಡ. ಅವರ ಕನ್ನಡ ನನಗೆ, ನನ್ನ ಹಾಸನದ ಕನ್ನಡ ಅವರಿಗೆ, ಮೊದಲ ಎರಡು ಭೇಟಿ ಬರೀ ತಮಾಷೆಯಾಗಿತ್ತು. ಮೂರನೇ ಸಲ ಅವರು ಕೇಳಿದರು: "ತಂಗಿ, ನಮ್ಮ ಹುಡುಗರಿಗೆ ಟ್ರೇನಿಂಗ್ ಯಾವತ್ತ ಇಟ್ಟೀರಿ?" ತಾರೀಖು ಹೇಳಿದೆ. "ಅವತ್ತ ಪಾಲಖಿ ಐತಲ್ಲ!"

ಜೂನ್‌ನಲ್ಲಿ, ಕೆಲವು ವರ್ಷ ಜುಲೈನಲ್ಲಿ, ಪಂಢರಪುರಕ್ಕೆ ಹೊರಟ ಪಲ್ಲಕ್ಕಿಗಳು, ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ತುಕಾರಾಮರ ಪಾಲಖಿ, ಪುಣೆಗೆ ಬಂದು ತಂಗುತ್ತವೆ. ಆ ದಿನಗಳಲ್ಲಿ ಪೇಟೆಯ ರಸ್ತೆಗಳಲ್ಲಿ ವಾರಕರಿಗಳೇ ತುಂಬಿರ್ತಾರೆ, ಗಾಡಿ ಓಡಲ್ಲ. ಜೊತೆಗೆ ಅಂಗಡಿಯ ನಾಲ್ವರು ಹಮಾಲರು ಈ ಪಾದಯಾತ್ರೆಗೆ, ಅಂದರೆ ವಾರಿಗೆ ಹೋಗೋರು, ಸ್ಟಾಕ್ ಎಣಿಸೋಕೆ ಜನ ಇಲ್ಲ. ನಮ್ಮ ಇಪ್ಪತ್ತೆರಡು ಸಾಲಿನಲ್ಲಿ ಪಂಢರಪುರದ ಹೆಸರೇ ಇರಲಿಲ್ಲ. ಪುಣೆಯಲ್ಲಿ ಆರು ವರ್ಷ ಇದ್ದವಳು ನಾನು!

ಅವತ್ತು ಸಂಜೆ ಆ ಎಕ್ಸೆಲ್ ಮುಚ್ಚಿಟ್ಟು ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದೆ. ಮೂರೇ ಕಾಲಂ. ಏನು ಕೆಡಬಹುದು. ಕೆಡೋಕೆ ಮುಂಚೆ ಯಾವ ಸುಳಿವು ಸಿಗುತ್ತೆ. ಆ ಸುಳಿವು ಕಂಡ ತಕ್ಷಣ ಯಾರು ಯಾರಿಗೆ ಫೋನ್ ಮಾಡಬೇಕು. ನಂಬರ್ ಇಲ್ಲ, ಬಣ್ಣ ಇಲ್ಲ. ಮಧ್ಯದ ಕಾಲಂ ಬರೆಯೋದೇ ಕಷ್ಟ. 'ದರ ಬದಲಾಗಬಹುದು' ಅನ್ನೋದಕ್ಕೆ ಸುಳಿವು ಏನು? ಕೌನ್ಸಿಲ್ ಸಭೆಯ ತಾರೀಖು. ಹಾಗಾದರೆ ಆ ಸಂಜೆ ಒಬ್ಬರು ಟಿವಿ ಮುಂದೆ ಕೂರಬೇಕು. ಹೀಗೆ ಬರೆಯುತ್ತಾ ಹೋದಾಗ ಹಾಳೆಯಲ್ಲಿ ಉಳಿದದ್ದು ಏಳೇ ಸಾಲು.

ಒಂದು ಸುತ್ತಿನ ಕೆಲಸ ಮುಗಿಸಿ ತೋರಿಸೋ ಅವಧಿಗೆ ಸ್ಪ್ರಿಂಟ್ ಅಂತಾರೆ. ನಮ್ಮದು ಎರಡು ವಾರದ್ದಿತ್ತು, ಅದನ್ನು ಒಂದು ವಾರಕ್ಕೆ ಇಳಿಸಿದೆವು. ಡೆಮೊ ನಮ್ಮ ಕಾನ್ಫರೆನ್ಸ್ ರೂಮಿನಲ್ಲಿ ಬೇಡ, ಶುಕ್ರವಾರ ಸಂಜೆ ಕಾಕಾ ಮೇಜಿನ ಮೇಲೇ ಆಗಲಿ ಅಂತ ಮಾಡಿದೆವು. ಎರಡನೇ ಶುಕ್ರವಾರ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಿಪ್ಪಾಣಿಯ ಒಬ್ಬ ವ್ಯಾಪಾರಿ ಮಾಲು ಕೊಳ್ಳುತ್ತಾನೆ. ಆದರೆ ನೇರವಾಗಿ ಕೊಲ್ಹಾಪುರದ ತನ್ನ ಗಿರಾಕಿಗೆ ಕಳಿಸಿ ಅಂತಾನೆ. ಬಿಲ್ ನಿಪ್ಪಾಣಿಯವನ ಹೆಸರಿಗೆ, ಅವನ ಜಿಎಸ್‌ಟಿ ನಂಬರ್ ಶುರುವಾಗೋದು 29ರಿಂದ, ಅಂದರೆ ಕರ್ನಾಟಕ. ಮಾಲು ಇಳಿಯೋದು ಕೊಲ್ಹಾಪುರದಲ್ಲಿ, ಅದು 27, ಮಹಾರಾಷ್ಟ್ರ. ನಮ್ಮ ಪ್ರೋಗ್ರಾಂ ಡೆಲಿವರಿ ವಿಳಾಸ ನೋಡಿ, ಮಾಲು ರಾಜ್ಯದೊಳಗೇ ಇದೆ ಅಂತ ತೀರ್ಮಾನಿಸಿತ್ತು. ಹತ್ತು ಸಾವಿರದ ಮಾಲಿಗೆ ಸಿಜಿಎಸ್‌ಟಿ (ಕೇಂದ್ರದ ಪಾಲು) 1,400, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) 1,400. ಒಟ್ಟು 12,800. ನಮ್ಮ ಟೆಸ್ಟರ್ ಒಟ್ಟು ಮೊತ್ತ ನೋಡಿ ಪಾಸ್ ಮಾಡಿದ್ದಳು. ಅವಳ ತಪ್ಪಲ್ಲ, ಐಜಿಎಸ್‌ಟಿ (ರಾಜ್ಯ ದಾಟಿದ ವ್ಯಾಪಾರದ ತೆರಿಗೆ) ಹಾಕಿದರೂ ಅದೇ 2,800, ಒಟ್ಟು ಅದೇ 12,800.

ಕಾಕಾ ಕನ್ನಡಕ ಮೇಲೆತ್ತಿ ನೋಡಿದರು. "ಏ ತಂಗಿ, ಮಾಲು ಎಲ್ಲಿಗೆ ಹೋತು ಅಂತ ಯಾಕ ಕೇಳ್ತಿ? ಬಿಲ್ ಯಾರ ಹೆಸರಿಗೈತಿ ಅದನ್ನ ಕೇಳು. ರೊಕ್ಕ ಅಷ್ಟ, ಹೋಗೂ ಮನಿ ಬ್ಯಾರೆ." ಅವರು ಹೇಳಿದ್ದೇ ಸರಿ. ಹೀಗೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರಿಗೆ ಮಾಲು ಕಳಿಸಿದರೆ, ಕಳಿಸಿ ಅಂದವರ ಊರೇ ಲೆಕ್ಕಕ್ಕೆ. ಇದು ಐಜಿಎಸ್‌ಟಿಗೆ ಹೋಗಬೇಕಾದ ದುಡ್ಡು. ತಪ್ಪು ಖಾತೆಗೆ ಕಟ್ಟಿದರೆ ಸರಿ ಖಾತೆಗೆ ಮತ್ತೆ ಕಟ್ಟಬೇಕು. ಮೊದಲು ಕಟ್ಟಿದ್ದನ್ನು ರಿಫಂಡ್ ಕೇಳಿಕೊಂಡು ಓಡಾಡಬೇಕು.

ಅದಾದ ಮೇಲೆ ಎರಡು ಶನಿವಾರ ನಾನೂ ಕಾಕಾನೂ ಅಂಗಡಿಯ ಅಟ್ಟದ ಮೇಲೆ ಕೂತೆವು. ಹಳೇ ಫೈಲಿನಿಂದ ನಲವತ್ತು ನಿಜವಾದ ಬಿಲ್ ಆರಿಸಿದೆವು. ವಾಪಸ್ ಬಂದ ಮಾಲು (ಅದಕ್ಕೆ ಗಿರಾಕಿಗೆ ಕೊಡೋ ಚೀಟಿ ಕ್ರೆಡಿಟ್ ನೋಟ್), ಅರ್ಧ ಡಿಸ್ಕೌಂಟು, ಗೋವಾಕ್ಕೆ ಹೋದದ್ದು, ಹೀಗೆ ಒಂದೊಂದು ಥರ. ಪ್ರತಿಯೊಂದರ ಮೇಲೂ ಜಿಎಸ್‌ಟಿಯಲ್ಲಿ ಏನಾಗಬೇಕು ಅಂತ ಕಾಕಾ ಕೆಂಪು ಪೆನ್ನಲ್ಲಿ ಬರೆದರು. ಸಾಫ್ಟ್‌ವೇರಿನ ಯಾವ ಹೊಸ ಬಿಲ್ಡ್, ಅಂದರೆ ಆವೃತ್ತಿ ಆದರೂ ಈ ನಲವತ್ತು ದಾಟಬೇಕು. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಹದಿನೇಳು ಜನ ಸೇರಿ, ಸಾಫ್ಟ್‌ವೇರ್ ಹೇಗೆ ಮಾಡಬೇಕು ಅಂತ ಹೇಳೋ ಅಜೈಲ್ ಪ್ರಣಾಳಿಕೆ ಬರೆದರು. ಯೋಜನೆಗೆ ಜೋತುಬೀಳೋದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳೋದು ಮೇಲು ಅಂತ ಅದರಲ್ಲಿದೆ. ನಮ್ಮ ಕಡೆ ಎಷ್ಟೋ ಜನ ಅದನ್ನು 'ಕಾಗದ ಬೇಡ' ಅಂತ ಓದಿಕೊಂಡಿದ್ದಾರೆ. ಯೋಜನೆಗೂ ದಾಖಲೆಗೂ ಬೆಲೆ ಇದೆ ಅಂತ ಅದೇ ಹಾಳೆಯ ಕೊನೆಯಲ್ಲಿ ಇದೆ, ಅಷ್ಟು ಕೆಳಗಿನವರೆಗೆ ಯಾರೂ ಓದಲ್ಲ. ನನಗಂತೂ ಆ ನಲವತ್ತು ಕಾಗದ ಇಲ್ಲದಿದ್ದರೆ ವಾರಕ್ಕೊಂದು ಬದಲಾವಣೆ ಮಾಡೋಕೆ ಧೈರ್ಯವೇ ಬರುತ್ತಿರಲಿಲ್ಲ.

ಜೂನ್ ಮಧ್ಯದಲ್ಲಿ ನಮ್ಮ ಮ್ಯಾನೇಜರ್ ಇನ್ನೂ ಮೂರು ಜನರನ್ನು ಕೊಡ್ತೀನಿ ಅಂದರು. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡ ಆಗುತ್ತೆ ಅಂತ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ. ಐಬಿಎಂನಲ್ಲಿ ಅನುಭವಿಸಿ ಹೇಳಿದ ಮಾತು. ನಾನು ಬ್ರೂಕ್ಸ್ ಹೆಸರು ಎತ್ತಲಿಲ್ಲ, ಬೋರ್ಡಿನ ಮೇಲೆ ಲೆಕ್ಕ ಬರೆದೆ. ಒಂಬತ್ತು ಜನ ಇದ್ದರೆ ಇಬ್ಬಿಬ್ಬರ ನಡುವಿನ ಮಾತುಕತೆಯ ದಾರಿ 36. ಹನ್ನೆರಡು ಆದರೆ 66. ಎರಡು ವಾರದಲ್ಲಿ ಆ 30 ಹೊಸ ದಾರಿಗಳಿಗೆ ಯಾರು ಮಣ್ಣು ಹಾಕ್ತಾರೆ? ಇನ್ನೊಬ್ಬಳು ಟೆಸ್ಟರ್ ಸಾಕು ಅಂದೆ. ಆ ನಲವತ್ತು ಬಿಲ್ ಅವಳ ಕೈಗೆ ಕೊಟ್ಟೆ.

ಈಗ ನನ್ನ ತಪ್ಪಿಗೆ ಬರ್ತೀನಿ.

ಜುಲೈ 1 ಶನಿವಾರ. ಮಧ್ಯರಾತ್ರಿ ಪಾರ್ಲಿಮೆಂಟಿನಲ್ಲಿ ಜಿಎಸ್‌ಟಿ ಶುರುವಾದದ್ದನ್ನು ಟಿವಿಯಲ್ಲಿ ನೋಡಿ ಮಲಗಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ತಾಪಕೀರ್ ಗಲ್ಲಿಯಲ್ಲಿದ್ದೆ, ಜಿಟಿಜಿಟಿ ಮಳೆ. ಮೊದಲ ಬಿಲ್. ಸ್ಕ್ರೀನ್ ಮೇಲೆ ಎಲ್ಲ ಸರಿ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಿರ್ರ್ ಅಂತ ಕಾಗದ ಹೊರಗೆ ತಳ್ಳಿತು. ಬಲಗಡೆಯ ಕೊನೆಯ ಕಾಲಂ, ಎಸ್‌ಜಿಎಸ್‌ಟಿ ಮೊತ್ತ, ಕಾಗದದ ಮೇಲೆ ಇಲ್ಲವೇ ಇಲ್ಲ. ಹಳೇ ಬಿಲ್‌ಗಿಂತ ಹೊಸದರಲ್ಲಿ ಕಾಲಂ ಜಾಸ್ತಿ, ಕಾಗದದ ಅಗಲ ಅಷ್ಟೇ. ನಾವು ಆಫೀಸಿನಲ್ಲಿ ಟೆಸ್ಟ್ ಮಾಡಿದ್ದೆಲ್ಲ ಪಿಡಿಎಫ್‌ನಲ್ಲಿ.

ಹೊರಗೆ ಕೈಗಾಡಿ ನಿಂತಿತ್ತು. ಹಮಾಲ ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಿಲ್‌ಗೆ ಕಾಯುತ್ತಿದ್ದ. ನನ್ನ ಕೈ ನಡುಗುತ್ತಿತ್ತು. ಕಾಕಾ ಡ್ರಾಯರ್ ಎಳೆದು ಎರಡು ಬಿಲ್ ಪುಸ್ತಕ ತೆಗೆದರು. ಅಪ್ಪಾ ಬಳವಂತ ಚೌಕದ ಹತ್ತಿರದ ಪ್ರೆಸ್‌ನಲ್ಲಿ ಹಿಂದಿನ ವಾರವೇ ಜಿಎಸ್‌ಟಿ ಕಾಲಂ ಹಾಕಿ ಅಚ್ಚು ಮಾಡಿಸಿದ್ದರಂತೆ. "ನಿಮ್ಮ ಕಂಪ್ಯೂಟರ್ ಮ್ಯಾಲೆ ಸಿಟ್ಟಿಲ್ಲ ತಂಗಿ. ಮಳಿಗಾಲ ಐತಿ, ಕರೆಂಟ್ ಹೋಗತೈತಿ ಅಂತ ಮಾಡಿಸಿಟ್ಟಿದ್ದೆ." ಕಾರ್ಬನ್ ಇಟ್ಟು ಬರೆಯೋಕೆ ಶುರು ಮಾಡಿದರು.

ಪ್ರಿಂಟರನ್ನು ಸಣ್ಣಕ್ಷರದ ಮೋಡ್‌ಗೆ ಹಾಕಿ, ಫಾರ್ಮ್ಯಾಟ್ ತಿದ್ದೋಕೆ ನಮಗೆ ಬೇಕಾದದ್ದು ನಲವತ್ತು ನಿಮಿಷ. ಅಷ್ಟರಲ್ಲಿ ಕಾಕಾ ಹನ್ನೊಂದು ಬಿಲ್ ಕೈಯಲ್ಲೇ ಬರೆದಿದ್ದರು.

ಆಮೇಲೆ ಗೊತ್ತಾಯಿತು, ನಮ್ಮ ಟೀಮಿನ ಕಿರಿಯ ಹುಡುಗ, ಸಾತಾರಾದವನು, ಸೋಮವಾರವೇ ಇದನ್ನು ನೋಡಿದ್ದ. ಟ್ರೇನಿಂಗ್‌ಗೆ ಅಂಗಡಿಗೆ ಹೋದಾಗ ಒಂದು ಪ್ರಿಂಟ್ ತೆಗೆದಿದ್ದ, ಅಂಚು ಕಟ್ ಆಗಿತ್ತು. ಪ್ರಿಂಟರ್ ಡ್ರೈವರ್ ತೊಂದರೆ ಇರಬೇಕು, ತಾನೇ ಸರಿ ಮಾಡ್ತೀನಿ ಅಂದುಕೊಂಡ. ಮಂಗಳವಾರ, ಬುಧವಾರ, ಗುರುವಾರ ಸ್ಟ್ಯಾಂಡಪ್‌ನಲ್ಲಿ, ಅಂದರೆ ಟೀಮ್ ದಿನಾ ನಿಂತೇ ಮಾಡೋ ಚಿಕ್ಕ ಸಭೆಯಲ್ಲಿ, 'ಪ್ರಿಂಟ್?' ಅಂತ ನಾನು ಕೇಳಿದ್ದೆ. ಅವನು ಮೂರು ದಿನವೂ 'ಹೋಈಲ ಮ್ಯಾಡಮ್' ಅಂದಿದ್ದ. ನಾನು ಮುಂದಿನವರ ಕಡೆ ತಿರುಗಿದ್ದೆ.

ಸಿಟ್ಟು ಬಂತು. ಗಲ್ಲಿಯ ತುದಿಯಲ್ಲಿ ಚಹಾ ಕುಡಿಯುತ್ತಾ ಕೇಳಿದೆ, ಯಾಕೆ ಹೇಳಲಿಲ್ಲ ಅಂತ. ಅವನು ತುಂಬಾ ಹೊತ್ತು ಗ್ಲಾಸು ನೋಡುತ್ತಾ ನಿಂತ. ಆಮೇಲೆ ಮೇ ತಿಂಗಳ ಒಂದು ಬೆಳಿಗ್ಗೆಯ ಮಾತು ಎತ್ತಿದ. ಅವತ್ತು ಕೋಡಿನ ಒಂದು ಚಿಕ್ಕ ತಪ್ಪಿಗೆ ನಾನು ಎಲ್ಲರ ಮುಂದೆ 'ಇಷ್ಟೂ ಗೊತ್ತಾಗಲ್ವಾ ನಿನಗೆ?' ಅಂದಿದ್ದೆನಂತೆ. ನನಗೆ ನೆನಪೇ ಇರಲಿಲ್ಲ. ಅವನಿಗೆ ಆ ವಾರ ಯಾವುದು ಅಂತಲೂ ನೆನಪಿತ್ತು.

ಗೋಡೆಯ ಹಾಳೆಗೆ ಸೋಮವಾರ ಎಂಟನೇ ಸಾಲು ಸೇರಿಸಿದೆ. ಏನು ಕೆಡಬಹುದು: ಲೀಡ್‌ಗೆ ಹೇಳೋಕೆ ಹೆದರಿಕೆ. ಸುಳಿವು: 'ಆಗುತ್ತೆ'. ಹುಡುಗರು ನಕ್ಕರು. ನಾನು ನಗಲಿಲ್ಲ. ಸ್ಟ್ಯಾಂಡಪ್‌ನಲ್ಲಿ ನಿನ್ನೆ ಏನು ಮಾಡಿದೆ ಅಂತ ಕೇಳೋದು ಬಿಟ್ಟೆ, ಅದು ಬೋರ್ಡ್ ನೋಡಿದರೆ ಗೊತ್ತಾಗುತ್ತೆ. ಇವತ್ತು ಯಾವುದು ನಿನಗೆ ಹೆದರಿಕೆ ಅಂತ ಕೇಳೋಕೆ ಶುರು ಮಾಡಿದೆ. 'ಆಗುತ್ತೆ' ಅಂದರೆ 'ಎಷ್ಟು ಗಂಟೆಗೆ?' ಅಂತ ಕೇಳೋದು. ಅರ್ಧ ದಿನ ಒಂದೇ ಕಡೆ ಸಿಕ್ಕಿಕೊಂಡರೆ ಬಾಯಿ ಬಿಡೋದು. ಕೆಟ್ಟ ಸುದ್ದಿ ತಂದವರಿಗೆ ಅವತ್ತು 'ಯಾಕೆ' ಅನ್ನೋ ಪ್ರಶ್ನೆ ಇಲ್ಲ, 'ಈಗ ಏನು' ಅಷ್ಟೇ. ಈ ಕೊನೆಯದನ್ನು ಪಾಲಿಸೋಕೆ ನನಗೇ ಜಾಸ್ತಿ ಕಷ್ಟ ಆಯಿತು. ಎರಡು ಸಲ ತಪ್ಪಿದೆ. ಎರಡು ಸಲವೂ ಟೆಸ್ಟರ್ ಹುಡುಗಿ ಹಾಳೆಯ ಕಡೆ ಬೆರಳು ತೋರಿಸಿದಳು.

ನವೆಂಬರ್ 10, ಶುಕ್ರವಾರ. ಗುವಾಹಟಿಯಲ್ಲಿ ಕೌನ್ಸಿಲ್ ಸಭೆ. 178 ವಸ್ತುಗಳು 28ರಿಂದ 18 ಪರ್ಸೆಂಟ್‌ಗೆ ಇಳಿದವು, ವೈರು, ಸ್ವಿಚ್ಚು, ಫ್ಯೂಸು ಎಲ್ಲ. ಜಾರಿ ನವೆಂಬರ್ 15ರಿಂದ. ಕ್ಲೈಂಟ್ ಅಂಗಡಿಯ ಹೆಚ್ಚುಕಡಿಮೆ ಎಲ್ಲ ಮಾಲು. ಹಾಳೆಯ ಪ್ರಕಾರ ಟಿವಿ ಮುಂದೆ ಕೂರೋ ಸರದಿ ನನ್ನದಿತ್ತು, ಕಾಕಾಗೆ ಫೋನ್ ಮಾಡಿದೆ. ಅವರು ಆಗಲೇ ಪಟ್ಟಿ ಮಾಡುತ್ತಾ ಕೂತಿದ್ದರು. ಟೇಬಲ್‌ನಲ್ಲಿ ಹಳೇ ಸಾಲುಗಳಿಗೆ 14 ಅಂತ ಕೊನೆಯ ತಾರೀಖು, ಹೊಸ ಸಾಲುಗಳಿಗೆ 15 ಅಂತ ಶುರುವಿನ ತಾರೀಖು. ಕೋಡ್ ಮುಟ್ಟಬೇಕಾಗಲಿಲ್ಲ. ಆರಾಮಾಗಿ ಮಲಗಿದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಫೋನ್. ಸಾತಾರಾದ ಹುಡುಗ.

"ಮ್ಯಾಡಮ್, ಅಕ್ಟೋಬರ್‌ನಲ್ಲಿ ಮಾರಿದ ಮಾಲು ಇಪ್ಪತ್ತನೇ ತಾರೀಖಿಗೆ ವಾಪಸ್ ಬಂದರೆ ಕ್ರೆಡಿಟ್ ನೋಟ್ 28ರಲ್ಲಿ ಆಗಬೇಕು. ನಮ್ಮದು ಅವತ್ತಿನ ತಾರೀಖು ನೋಡಿ 18 ಹಾಕುತ್ತೆ. ಹಳೇ ಬಿಲ್ಲಿನ ತಾರೀಖು ನೋಡೋದೇ ಇಲ್ಲ."

ನಲವತ್ತು ಬಿಲ್ಲಿನಲ್ಲಿ ವಾಪಸ್ ಬಂದ ಮಾಲು ಇತ್ತು. ನಡುವೆ ದರ ಬದಲಾದ ಮಾಲು ಇರಲಿಲ್ಲ.

"ಯಾವಾಗ ಗೊತ್ತಾಯ್ತು ನಿನಗೆ?" ಅಂದೆ.

"ಹತ್ತು ನಿಮಿಷ ಆಯ್ತು. ಹಲ್ಲುಜ್ಜುತ್ತಿದ್ದೆ."