ಪುಟ್ಟ ವಿಮಾನಕ್ಕೆ ಅಗ್ಗದ ಮೋಟರ್: ಲೆಕ್ಕ ತಕ್ಕಡಿಯಿಂದ ಶುರು

ರಿಮೋಟ್ ವಿಮಾನದ ಹುಚ್ಚು ಹತ್ತಿದವರು ಸಾಮಾನ್ಯವಾಗಿ ಮೊದಲು ಮೋಟರ್ ಕೊಳ್ಳುತ್ತಾರೆ. ಆಮೇಲೆ ಅದಕ್ಕೊಂದು ವಿಮಾನ ಕಟ್ಟುತ್ತಾರೆ. ನಾನೂ ಹಾಗೇ ಮಾಡಿದ್ದೆ. ಎಲೆಕ್ಟ್ರಾನಿಕ್ ಸಾಮಾನು ಸಿಗುವ ಬೆಂಗಳೂರಿನ ಎಸ್.ಪಿ. ರೋಡಿಗೆ ಬೇರೇನೋ ಕೊಳ್ಳಲು ಹೋದವನು ಅಗ್ಗ ಅನಿಸಿ ಒಂದು ಮೋಟರ್ ಕೊಂಡುಬಿಟ್ಟೆ. ಪ್ರಾಪ್ (ಪ್ರೊಪೆಲರ್, ಮೋಟರ್ ತಿರುಗಿಸುವ ಫ್ಯಾನು) ದೊಡ್ಡದಾದಷ್ಟೂ ಎಳೆತ ಜಾಸ್ತಿ ಅಲ್ವಾ ಎಂದು 11 ಇಂಚಿನದನ್ನು ಸಿಕ್ಕಿಸಿದೆ. ವಿಮಾನ ಎರಡು ಸುತ್ತು ಚೆನ್ನಾಗಿಯೇ ಹಾರಿತು. ಮೂರನೆಯದರಲ್ಲಿ ಸದ್ದು ಸೊರಗಿತು. ಇಳಿಸಿ ನೋಡಿದರೆ ಸುಟ್ಟ ವಾರ್ನಿಷ್ ವಾಸನೆ. ಹೊಳೆಯುತ್ತಿದ್ದ ತಾಮ್ರದ ಸುರುಳಿ ಕಪ್ಪಗಾಗಿತ್ತು.

ಅಂದಿನಿಂದ ಲೆಕ್ಕ ಹಿಂದುಮುಂದು ಮಾಡಿಕೊಂಡಿದ್ದೇನೆ. ಮೊದಲು ವಿಮಾನದ ತೂಕ, ಆಮೇಲೆ ಮೋಟರ್.

ತೂಗಿ ನೋಡಿ

ಬರೀ ಫೋಮ್ ಬಾಡಿ ತೂಗಿದರೆ ಸಾಲದು. ಹಾರುವಾಗ ಒಳಗೆ ಏನೇನು ಇರುತ್ತದೋ ಅಷ್ಟೂ ಸೇರಬೇಕು. ಮನೆಯಲ್ಲಿ ತಕ್ಕಡಿ ಇಲ್ಲವೇ? ಕಿರಾಣಿ ಅಂಗಡಿಯಲ್ಲಿ ಕೇಳಿ. ನಮ್ಮ ಬೀದಿಯ ಅಂಗಡಿಯವರು ಬೇಳೆ ತೂಗುವ ತಕ್ಕಡಿಯ ಮೇಲೆ ನನ್ನ ವಿಮಾನ ಇಟ್ಟು, ‘ಕೆಜಿಗೆ ಎಷ್ಟು ಸಾರ್?’ ಎಂದು ನಕ್ಕಿದ್ದರು.

ಸಾಮಾನು ಇನ್ನೂ ಕೊಂಡಿಲ್ಲ ಎಂದರೆ ಅಂದಾಜು ಸಾಕು. ಸಣ್ಣ ಮೋಟರ್ 50 ಗ್ರಾಂ, ಇಎಸ್‌ಸಿ (ಮೋಟರಿನ ವೇಗ ಏರಿಳಿಸುವ ಪುಟ್ಟ ಸರ್ಕ್ಯೂಟು) 25, ನಾಲ್ಕು ಸಣ್ಣ ಸರ್ವೊ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರು) 36, ರಿಸೀವರ್ 15, ಮೂರು ಸೆಲ್ಲಿನ ಬ್ಯಾಟರಿ 110. ಒಂದು ಮೀಟರ್ ರೆಕ್ಕೆಯ ಫೋಮ್ ಬಾಡಿ 360 ಗ್ರಾಂ ಅಂದುಕೊಳ್ಳಿ. ಒಟ್ಟು 600 ಗ್ರಾಂ ಹತ್ತಿರ ಬಂತು.

ತೂಕದಿಂದ ವ್ಯಾಟ್

ಹಳೆಯ ಹಾರಾಟಗಾರರ ಲೆಕ್ಕ ಪೌಂಡಿನಲ್ಲಿದೆ. ಅದನ್ನು ಕೆಜಿಗೆ ಇಳಿಸಿದರೆ ಹೀಗೆ: ನಿಧಾನವಾಗಿ ತೇಲುವ ಗ್ಲೈಡರಿಗೆ ಕೆಜಿಗೆ 110ರಿಂದ 150 ವ್ಯಾಟ್, ಕಲಿಯುವವರ ವಿಮಾನಕ್ಕೆ 150ರಿಂದ 220. ಪಲ್ಟಿ ಹೊಡೆಸಬೇಕು ಎಂದರೆ 250 ದಾಟಬೇಕು. ನಮ್ಮ 600 ಗ್ರಾಮಿಗೆ 220ರ ಲೆಕ್ಕ ಹಿಡಿದರೂ 132 ವ್ಯಾಟ್ ಸಾಕು.

ವೋಲ್ಟ್ ಗುಣಿಸು ಆಂಪಿಯರ್ ಅಂದರೆ ವ್ಯಾಟ್. ಮೂರು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಸುಮಾರು 11 ವೋಲ್ಟ್ ಕೊಡುತ್ತದೆ. 132ನ್ನು 11ರಿಂದ ಭಾಗಿಸಿದರೆ 12 ಆಂಪಿಯರ್. ನಮ್ಮ ಮೋಟರ್ ಇಷ್ಟನ್ನು ತಡೆದುಕೊಂಡರೆ ಆಯಿತು.

ಈಗ ಮೋಟರ್

ನಮ್ಮಲ್ಲಿ ಎಲ್ಲೆಡೆ ಸಿಗುವ ಅಗ್ಗದ ಮೋಟರ್ ಎ2212. ಅದರ 1000 ಕೆವಿ ಮಾದರಿಯ ಮಿತಿಯೂ ಒಂದು ನಿಮಿಷದ ಮಟ್ಟಿಗೆ 12 ಆಂಪಿಯರ್! ಮೋಟರ್, ಇಎಸ್‌ಸಿ ಎರಡೂ ಸೇರಿ ಸಾವಿರ ರೂಪಾಯಿ ಆಸುಪಾಸಿನಲ್ಲಿ ಮುಗಿಯುತ್ತದೆ.

ಹೆಸರಿನಲ್ಲಿರುವ 22 ಒಳಗಿನ ಸುರುಳಿ ಭಾಗದ ಅಡ್ಡಗಲ, 12 ಅದರ ಎತ್ತರ, ಎರಡೂ ಮಿಲಿಮೀಟರಿನಲ್ಲಿ. ಕೆವಿ ಅಂದರೆ ಕಿಲೋವೋಲ್ಟ್ ಅಲ್ಲ. ಪ್ರಾಪ್ ಇಲ್ಲದೆ ತಿರುಗಿಸಿದರೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ ಅದು. ಇದೇ ಮೋಟರ್ 2200 ಕೆವಿಯಲ್ಲೂ ಸಿಗುತ್ತದೆ. ಹೊಸಬರು ‘ಓ, ಎರಡು ಪಟ್ಟು ಶಕ್ತಿ’ ಎಂದು ಅದನ್ನೇ ಎತ್ತಿಕೊಳ್ಳುತ್ತಾರೆ. ಶಕ್ತಿ ಅಲ್ಲ, ಅದು ಬೈಕಿನ ಗೇರ್ ಇದ್ದ ಹಾಗೆ. 2200 ಬೇಕಾಗುವುದು ಪುಟ್ಟ ಪ್ರಾಪ್ ಹಾಕಿ ಜೋರಾಗಿ ಓಡಿಸುವ ವಿಮಾನಕ್ಕೆ. ನಿಧಾನದ ವಿಮಾನಕ್ಕೆ 1000 ಸರಿ.

ಪ್ರಾಪ್: ಮೋಟರ್ ಸುಡುವುದು ಇಲ್ಲೇ

ಪ್ರಾಪ್ ಮೇಲೆ 9x4.5 ಎಂದಿದ್ದರೆ 9 ಇಂಚು ಉದ್ದ. 4.5 ಅಂದರೆ ಒಂದು ಸುತ್ತಿಗೆ ಅದು ಗಾಳಿಯಲ್ಲಿ ಸ್ಕ್ರೂ ಥರ ಎಷ್ಟು ಇಂಚು ಮುಂದೆ ಹೋಗಬೇಕು ಎಂಬುದು. ಸುತ್ತು ಅಷ್ಟೇ ಇರಲಿ, ಉದ್ದ ಮಾತ್ರ 9ರಿಂದ 10 ಇಂಚಿಗೆ ಏರಲಿ. ಮೋಟರಿನ ಮೇಲಿನ ಹೊರೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಗುತ್ತದೆ. ನನ್ನ 11 ಇಂಚು ಏನು ಮಾಡಿರಬಹುದು, ನೀವೇ ಊಹಿಸಿ. 9x4.5ರಿಂದ ಶುರು ಮಾಡಿ, ಅಳೆದು ನೋಡಿ, ಆಮೇಲೆ ಬೇಕಾದರೆ 10ಕ್ಕೆ ಹೋಗಿ.

ಇಎಸ್‌ಸಿ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 30 ಆಂಪಿಯರಿನದು ಹಾಕಿ. ಸರ್ವೊಗಳಿಗೆ ಬೇಕಾದ 5 ವೋಲ್ಟ್ ಕೊಡುವ ಬಿಇಸಿ ಅದರಲ್ಲೇ ಇದೆಯಾ ಎಂದು ಮಾತ್ರ ಕೇಳಿ. ಮೋಟರ್ ಉಲ್ಟಾ ತಿರುಗಿದರೆ ಮೂರು ವೈರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ, ಅಷ್ಟೇ.

ದುಡ್ಡು ಬಿಗಿ ಹಿಡಿಯಬಾರದ ಜಾಗ

ಅದು ಬ್ಯಾಟರಿ ಮತ್ತು ಚಾರ್ಜರ್. 1300 ಎಂಎಎಚ್ (1.3 ಆಂಪಿಯರ್-ಅವರ್ ಸಾಮರ್ಥ್ಯ), 25ಸಿ (ಅದರ 25 ಪಟ್ಟು ಕರೆಂಟು) ಎಂದು ಬರೆದಿದ್ದರೆ 1.3 ಗುಣಿಸು 25, ಅಂದರೆ 32.5 ಆಂಪಿಯರ್ ಕೊಡಬೇಕು. ಲೇಬಲ್ಲಿನ ಮಾತನ್ನು ಅರ್ಧ ನಂಬಿದರೂ 16 ಉಳಿಯಿತು. ನಮಗೆ 12 ಸಾಕು. ಗಾಳಿಯಲ್ಲಿ ಸರಾಸರಿ 6 ಆಂಪಿಯರ್ ಎಳೆದರೆ ಹತ್ತು ನಿಮಿಷ ಹಾರಬಹುದು. ಶೇ 20ರಷ್ಟು ಉಳಿಸಿಕೊಂಡೇ ಇಳಿಸಿ. ಮುಂದಿನ ವಿಮಾನವನ್ನೂ ಇದೇ ಬ್ಯಾಟರಿಯ ಅಳತೆಗೆ ಕಟ್ಟಿ. ದೊಡ್ಡ ಉಳಿತಾಯ ಅದೇ.

ಚಾರ್ಜರ್ ಒಂದೊಂದು ಸೆಲ್ಲನ್ನೂ 4.2 ವೋಲ್ಟಿಗೆ ಸಮ ಮಾಡುವಂಥದ್ದೇ ಇರಲಿ. ವಾರಗಟ್ಟಲೆ ಹಾರಿಸುವುದಿಲ್ಲ ಎಂದರೆ ಸೆಲ್ಲಿಗೆ 3.8 ವೋಲ್ಟಿಗೆ ಇಳಿಸಿ ಎತ್ತಿಡಿ. ಚಾರ್ಜಿಗೆ ಹಾಕಿ ಮಲಗಬೇಡಿ. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ‘ಇನ್ನೊಂದೇ ಸಲ’ ಎಂದು ಬಳಸಬೇಡಿ. ಲಿಪೊ ಹೊತ್ತಿಕೊಂಡರೆ ಆರಿಸುವುದು ಕಷ್ಟ.

ಹಾರಿಸುವ ಮುಂಚೆ

ಒಂದು ವ್ಯಾಟ್‌ಮೀಟರ್ ಬೇಕು. ನಾಲ್ಕು ಜನ ಗೆಳೆಯರು ಸೇರಿ ಒಂದು ಕೊಂಡರೂ ಆದೀತು. ಬ್ಯಾಟರಿಗೂ ಇಎಸ್‌ಸಿಗೂ ನಡುವೆ ಅದನ್ನು ಸೇರಿಸಿ. ಒಬ್ಬರು ವಿಮಾನವನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿಯಲಿ. ಪ್ರಾಪಿನ ಮುಂದೆಯಾಗಲಿ ಪಕ್ಕದಲ್ಲಾಗಲಿ ಯಾರೂ ನಿಲ್ಲಬಾರದು. ಹತ್ತು ಸೆಕೆಂಡ್ ಫುಲ್ ಥ್ರಾಟಲ್ ಕೊಟ್ಟು ಓದಿಕೊಳ್ಳಿ. 12 ಆಂಪಿಯರ್ ದಾಟಿದರೆ ಸಣ್ಣ ಪ್ರಾಪ್ ಹಾಕಿ. ಆಮೇಲೆ ಬ್ಯಾಟರಿ ಬಿಚ್ಚಿ ಮೋಟರ್ ಮುಟ್ಟಿ. ಐದು ಸೆಕೆಂಡ್ ಬೆರಳು ಇಡಲಾಗದಷ್ಟು ಬಿಸಿ ಇದ್ದರೂ ಪ್ರಾಪ್ ಚಿಕ್ಕದಾಗಬೇಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ಮಂಗಳೂರಿಗಿಂತ ತೆಳು. ಅಲ್ಲಿ ಸಲೀಸಾಗಿ ಏರಿದ ವಿಮಾನ ಇಲ್ಲಿ ಚೂರು ಸೋಮಾರಿ ಅನಿಸಿದರೆ ಮೋಟರನ್ನು ಬೈಯಬೇಡಿ. ಮೈದಾನಕ್ಕೆ ಹೊರಡುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ (ಡ್ರೋನ್ ಹಾರಾಟದ ವಲಯಗಳನ್ನು ತೋರಿಸುವ ಸರ್ಕಾರಿ ನಕ್ಷೆ) ನಿಮ್ಮ ಜಾಗ ಹಸಿರು ವಲಯದಲ್ಲಿದೆಯೇ ನೋಡಿಕೊಳ್ಳಿ. ಹಳದಿ, ಕೆಂಪು ಇದ್ದರೆ ಬೇರೆ ಮೈದಾನ ಹುಡುಕಿ.