ನೆಲ ಹಾಕುವವನು ನೋಡಿದ ಆಕಾಶ

ನಾನು ಹೊಟ್ಟೆಪಾಡಿಗೆ ನೆಲ ಹಾಕುವವನು. ಗ್ರಾನೈಟ್, ಕಡಪ, ಕೋಟಾ, ಈಗೀಗ ಜಾಸ್ತಿ ಟೈಲ್ಸ್. ಊರು ಇಳಕಲ್. ಪುಣೆಗೆ ಬಂದು 26 ವರ್ಷ ಆಯಿತು. ಬಾಣೇರ್, ಔಂಧ್, ಪಾಷಾಣ್ ಕಡೆಯ ಎಷ್ಟೋ ಮನೆಗಳ ಅಡುಗೆ ಕಟ್ಟೆ ನನ್ನ ಕೈಯಲ್ಲೇ ಆದದ್ದು. ಇಷ್ಟು ವರ್ಷ ವಿದ್ಯಾಪೀಠ ಚೌಕದ ಟ್ರಾಫಿಕ್ಕಿನಲ್ಲಿ ನಿಂತು ಬೈದುಕೊಂಡು ಹೋಗಿದ್ದೇನೆ. ಆದರೆ ವಿಶ್ವವಿದ್ಯಾಲಯದ ಗೇಟಿನೊಳಗೆ ಕಾಲಿಟ್ಟಿರಲಿಲ್ಲ. ಓದಿದ್ದು ಎಂಟನೇ ಕ್ಲಾಸು, ನನಗೆ ಅಲ್ಲೇನು ಕೆಲಸ?

ಒಳಗೆ ಕರೆದುಕೊಂಡು ಹೋದವಳು ನನ್ನ ತಂಗಿಯ ಮಗಳು. ಫಿಜಿಕ್ಸ್ ಓದಲು ಪುಣೆಗೆ ಬಂದವಳು ನಮ್ಮ ಮನೆಯಲ್ಲೇ ಇದ್ದಳು. ಕ್ಯಾಂಪಸ್ಸಿನಲ್ಲಿ ಪುತ್ಥಳಿಗಳಿವೆ, ಶಿಲ್ಪಗಳಿವೆ, ಒಂದು ಭಾನುವಾರ ಸುತ್ತಾಡೋಣ ಅಂತ ಗಂಟುಬಿದ್ದಳು. ನಾನು ಹೂಂ ಅನ್ನಲಿಲ್ಲ. ಆಗ ಅವಳು, "ಮಾಮಾ, ಪುತ್ಥಳಿ ನೋಡಾಕ ಬರಬ್ಯಾಡ, ಕಲ್ಲು ನೋಡಾಕ ಬಾ" ಅಂದಳು. ಅದಕ್ಕೆ ಹೋದೆ.

ಮೊದಲ ದಿನ ಎಲ್ಲಾ ತಪ್ಪೇ ಮಾಡಿದೆವು. ಮಧ್ಯಾಹ್ನ 12 ಗಂಟೆಗೆ ಹೋದೆವು. ಗೋಪುರ ಇರುವ ಮುಖ್ಯ ಕಟ್ಟಡದ ಹತ್ತಿರ ಸಾವಿತ್ರಿಬಾಯಿ ಫುಲೆಯವರ ಪುತ್ಥಳಿ ಇದೆ, 2022ರಲ್ಲಿ ನಿಲ್ಲಿಸಿದ್ದು. ಬಿಸಿಲು ನೆತ್ತಿಯ ಮೇಲಿತ್ತು. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಮುಖವೇ ಕಾಣಲಿಲ್ಲ, ಬರೀ ಕಪ್ಪು ನೆರಳು. ಆ ಕಟ್ಟಡದ ಕಥೆ ಮಾತ್ರ ಚೆನ್ನಾಗಿದೆ. 1864ರಲ್ಲಿ ಶುರು ಮಾಡಿ 1871ರಲ್ಲಿ ಮುಗಿಸಿದ್ದು. ಮುಂಬೈ ಗವರ್ನರ್ ಮಳೆಗಾಲಕ್ಕೆ ಬಂದು ಇರಲಿ ಅಂತ ಕಟ್ಟಿಸಿದ್ದು. ನಕ್ಷೆ ಜೇಮ್ಸ್ ಟ್ರಬ್‌ಶಾ ಎಂಬವರದ್ದು. 1949ರಲ್ಲಿ ವಿಶ್ವವಿದ್ಯಾಲಯ ಶುರುವಾಯಿತು, 2014ರಲ್ಲಿ ಅದಕ್ಕೆ ಸಾವಿತ್ರಿಬಾಯಿ ಹೆಸರು ಬಂತು. 1848ರಲ್ಲಿ ಇದೇ ಪುಣೆಯ ಭಿಡೆ ವಾಡೆಯಲ್ಲಿ ಹುಡುಗಿಯರಿಗೆ ಶಾಲೆ ತೆರೆದಾಗ ಮೈಮೇಲೆ ಸಗಣಿ ಎರಚಿಸಿಕೊಂಡ ಹೆಣ್ಣುಮಗಳು. ಈಗ ಲಾಟ್‌ಸಾಹೇಬರ ಬಂಗಲೆ ಇದ್ದ ಜಾಗಕ್ಕೆಲ್ಲ ಅವಳದೇ ಹೆಸರು. ನನ್ನ ತಂಗಿಯ ಮಗಳು ಅಲ್ಲಿ ಚಪ್ಪಲಿ ಬಿಟ್ಟು ನಿಂತಳು. ನಾನೂ ಬಿಟ್ಟೆ. ಕಲ್ಲು ಕಾದಿತ್ತು, ಕುಣಿಯಬೇಕಾಯಿತು.

ಅವಳು ನಿಜವಾಗಿ ತೋರಿಸಬೇಕು ಅಂದುಕೊಂಡಿದ್ದು ಬೇರೆ ಜಾಗ. ಅದೇ ಕ್ಯಾಂಪಸ್ಸಿನಲ್ಲಿರುವ ಆಯುಕಾ. ಖಗೋಳ ವಿಜ್ಞಾನದ ಸಂಶೋಧನಾ ಕೇಂದ್ರ. 1988ರಲ್ಲಿ ಶುರುವಾದದ್ದು, ಮೊದಲ ನಿರ್ದೇಶಕರು ಜಯಂತ ನಾರ್ಳೀಕರ್. ಕಟ್ಟಡದ ಕಲ್ಪನೆ ಚಾರ್ಲ್ಸ್ ಕೊರಿಯಾ ಅವರದ್ದು. ಆವತ್ತು ಸುಮ್ನೆ ಗೇಟಿಗೆ ಹೋಗಿ ನಿಂತೆವು. ಕಾವಲಿನವರು ನಮ್ಮ ಮಾತು ಕೇಳಿಸಿಕೊಂಡು, "ಯಾವೂರ್ರೀ ನಿಮ್ದು?" ಅಂದರು. ಅವರು ಇಂಡಿ ಕಡೆಯವರು. ಪುಣೆಯಲ್ಲಿ ಹೀಗಾಗುವುದು ಹೊಸದಲ್ಲ, ಯಾವ ಗೇಟಿಗೆ ಹೋದರೂ ವಿಜಯಪುರ, ಕಲಬುರಗಿ ಕಡೆಯ ಒಬ್ಬರು ಸಿಗುತ್ತಾರೆ. ಊರಿನ ಮಳೆ, ತೊಗರಿ ಎಲ್ಲಾ ವಿಚಾರಿಸಿದರು. ಆಮೇಲೆ, "ಪರ್ಮಿಶನ್ ತಗೊಂಡು ಬರ್ರಿ ಅಣ್ಣಾರ, ಚಂದಂಗೆ ನೋಡ್ಬಹುದು" ಅಂದರು. ಸರಿಯಾಗಿಯೇ ಇತ್ತು, ಕೇಳದೆ ಹೋದದ್ದು ನಮ್ಮ ತಪ್ಪು. ಅದು ಜನ ಕೆಲಸ ಮಾಡುವ ಜಾಗ, ತೋಟವಲ್ಲ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಎಲ್ಲರನ್ನೂ ಒಳಗೆ ಬಿಡುತ್ತಾರೆ. ಉಳಿದ ದಿನ ಮೊದಲೇ ಕೇಳಿಕೊಂಡು ಹೋಗಬೇಕು. ಎರಡನೇ ಸಲ ಹಾಗೇ ಹೋದೆವು, ಬೆಳಿಗ್ಗೆ 8ಕ್ಕೆ, ಜುಲೈ ತಿಂಗಳಲ್ಲಿ.

ಒಳಗೆ ಹೋಗುವಾಗ ಒಂದು ಕರಿ ಗೋಡೆ ಸಿಗುತ್ತದೆ. ಬೇರೆಯವರು ಅದನ್ನು ದಾಟಿ ಮುಂದೆ ಹೋಗುತ್ತಾರೆ. ನಾನು ಅಲ್ಲೇ ಕಾಲು ಗಂಟೆ ನಿಂತೆ. ಕೆಳಗೆ ಇಲ್ಲಿಯದೇ ಕರಿಕಲ್ಲು, ಬೇಸಾಲ್ಟ್. ಅದರ ಮೇಲೆ ಕಡಪ. ಎಲ್ಲಕ್ಕಿಂತ ಮೇಲೆ ಪಾಲಿಶ್ ಮಾಡಿದ ಕರಿ ಗ್ರಾನೈಟ್. ಕಪ್ಪಿನ ಮೇಲೆ ಕಪ್ಪು, ಅದರ ಮೇಲೆ ಇನ್ನೂ ಕಪ್ಪು. ನಮ್ಮ ಕಸುಬಿನಲ್ಲಿ ಇದನ್ನು ಯಾರೂ ಮಾಡುವುದಿಲ್ಲ. ಗಿರಾಕಿ "ಕಪ್ಪು ಬೇಕು" ಅಂದರೆ ಒಂದೇ ಕಲ್ಲು ಹಾಕಿ ಮುಗಿಸುತ್ತೇವೆ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಕಪ್ಪಿನಲ್ಲೂ ಎಷ್ಟು ಬಗೆ ಇದೆ ಅಂತ ಕಣ್ಣಿಗೆ ಕಾಣುತ್ತದೆ. ಬೇಸಾಲ್ಟ್ ಬೆಳಕನ್ನು ನುಂಗಿಬಿಡುತ್ತದೆ. ಕಡಪ ಒದ್ದೆ ಸ್ಲೇಟಿನ ಹಾಗೆ. ಗ್ರಾನೈಟಿನಲ್ಲಿ ಆವತ್ತು ಮೋಡ ಹೋಗುತ್ತಿತ್ತು. ನೆಲದಿಂದ ಶುರುವಾದ ಗೋಡೆ ಆಕಾಶದಲ್ಲಿ ಕರಗಿಹೋದ ಹಾಗೆ. ಕೊನೆಯಿಲ್ಲದ ಆಕಾಶವನ್ನು ತೋರಿಸಲು ಹೀಗೆ ಮಾಡಿದ್ದಾರೆ ಅಂತ ತಂಗಿಯ ಮಗಳು ಹೇಳಿದಳು. ಅವಳು ಹೇಳುವ ಮೊದಲೇ ನನಗೆ ಅರ್ಧ ಗೊತ್ತಾಗಿತ್ತು ಅಂದರೆ ಜಂಬ ಅಂದುಕೊಳ್ಳಬೇಡಿ.

ಬೇಸಾಲ್ಟ್ ಬಗ್ಗೆ ಒಂದು ಮಾತು. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ತಣ್ಣಗಾಗಿ ಆದ ಕಲ್ಲು ಇದು. ಪುಣೆಯ ಕಾಲ ಕೆಳಗೆ ಇರುವುದೂ ಇದೇ, ಬೆಳಗಾವಿ, ವಿಜಯಪುರ, ಬೀದರ್ ಕಡೆ ಇರುವುದೂ ಇದೇ. ಗೋಳಗುಮ್ಮಟ ಇದರದ್ದೇ. ಇಲ್ಲಿ ಜಂಗ್ಲಿ ಮಹಾರಾಜ ರಸ್ತೆಯಲ್ಲಿ ಪಾತಾಳೇಶ್ವರ ಗುಹೆ ಇದೆಯಲ್ಲ, 8ನೇ ಶತಮಾನದ್ದು, ನಮ್ಮ ರಾಷ್ಟ್ರಕೂಟರ ಕಾಲದ್ದು, ಅದನ್ನೂ ಇದೇ ಬಂಡೆಯಲ್ಲಿ ಕೊರೆದಿದ್ದಾರೆ. ಕಡಪ ಕಲ್ಲು ಆಂಧ್ರದಿಂದ ಬರುವಂಥದ್ದು. ನಮ್ಮೆಲ್ಲರ ಮನೆಯಲ್ಲಿ ಅದರ ಮೇಲೆ ಚಪಾತಿ ಲಟ್ಟಿಸುತ್ತಾರೆ. ಅದನ್ನು ನಕ್ಷತ್ರದ ಲೆಕ್ಕಕ್ಕೆ ಸೇರಿಸಿದ್ದು ನೋಡಿ ನನಗೆ ಖುಷಿಯಾಯಿತು.

ನಡುವೆ ಒಂದು ದೊಡ್ಡ ಕುಂಡ. ಮೆಟ್ಟಿಲಿರುವ ಪುಷ್ಕರಣಿಯ ಹಾಗೆ, ಆದರೆ ನೀರಿಲ್ಲ, ಹುಲ್ಲು ಮತ್ತು ಕಲ್ಲು. ಅಲ್ಲಿ ನಾನು ಮಾನ ಕಳೆದುಕೊಂಡೆ. ಕಲ್ಲುಗಳು ಒಂದರ ಸಾಲಿಗೆ ಒಂದು ಇಲ್ಲ. ಓರೆ, ಸೊಟ್ಟ. ನಡುವಿನಿಂದ ಹೊರಕ್ಕೆ ಎಸೆದ ಹಾಗೆ ಬಿದ್ದಿವೆ. "ಇದನ್ನ ಯಾವ ಪುಣ್ಯಾತ್ಮ ಹಾಕ್ಯಾನ? ದಾರ ಹಿಡಿದಿಲ್ಲ, ಮೂಲೆಮಟ್ಟ ಇಟ್ಟಿಲ್ಲ" ಅಂತ ಜೋರಾಗಿಯೇ ಅಂದುಬಿಟ್ಟೆ. ತಂಗಿಯ ಮಗಳು ಬಿದ್ದೂಬಿದ್ದೂ ನಕ್ಕಳು. ವಿಶ್ವ ಹಿಗ್ಗುತ್ತಾ ಹೋಗುತ್ತಿದೆ, ಎಲ್ಲವೂ ಒಂದರಿಂದ ಒಂದು ದೂರ ಸರಿಯುತ್ತಿವೆ, ಅದನ್ನು ನೆಲದ ಮೇಲೆ ತೋರಿಸಿದ್ದು ಅಂದಳು.

ಆಮೇಲೆ ನಾನು ಮಾಡಿದ್ದು ಇಷ್ಟೇ. ಮೇಲಿನ ಮೆಟ್ಟಿಲಿನ ಮೇಲೆ ಕೂತೆ. ಒಂದು ಕಲ್ಲು ಹಿಡಿದು ಅದರ ಅಂಚಿನ ಗುಂಟ ಕಣ್ಣನ್ನು ನಡುವಿನ ಕಡೆ ಒಯ್ದೆ. ಆಮೇಲೆ ಪಕ್ಕದ್ದು. ಹತ್ತು ಹನ್ನೆರಡು ಕಲ್ಲು ಹಾಗೆ ನೋಡುವಷ್ಟರಲ್ಲಿ ಸೊಟ್ಟ ಅಂದುಕೊಂಡದ್ದು ಸೊಟ್ಟ ಅಲ್ಲ ಅಂತ ತಿಳಿಯಿತು. ಒಂದು ಮಾತು ಹೇಳುತ್ತೇನೆ, ಕಸುಬಿನವರು ಒಪ್ಪುತ್ತಾರೆ. ನೆಟ್ಟಗೆ ಹಾಕುವುದು ಸುಲಭ. ಎರಡು ಮೊಳೆ ಹೊಡೆದು ದಾರ ಬಿಗಿದರೆ ಹೊಸ ಹುಡುಗನೂ ಹಾಕುತ್ತಾನೆ. ಬೇಕಂತಲೇ ಓರೆ ಹಾಕುವುದಕ್ಕೆ ದಾರ ಸಹಾಯಕ್ಕೆ ಬರುವುದಿಲ್ಲ. ಪ್ರತಿ ಕಲ್ಲಿಗೂ ಬೇರೆ ಅಳತೆ, ಬೇರೆ ಮೂಲೆ. ಒಂದನ್ನು ತಿರುಗಿಸಿ ಕೂರಿಸಿದರೆ ಪಕ್ಕದ್ದು ಕೂರುವುದಿಲ್ಲ. ಹಂಪಿಯಲ್ಲಿ ಅರಮನೆ ಕಡೆಯ ಮೆಟ್ಟಿಲು ಪುಷ್ಕರಣಿ ನೋಡಿದ್ದೀರಲ್ವಾ? ಅದರ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಎಷ್ಟನೆಯದು ಅಂತ ಗುರುತು ಕೆತ್ತಿದ್ದಾರೆ. ಬೇರೆ ಕಡೆ ಕಡಿದು, ತಂದು, ಜೋಡಿಸಿದ್ದು. ಅಲ್ಲಿ ಎಲ್ಲಾ ನೆಟ್ಟಗೆ, ಅಷ್ಟಕ್ಕೇ ಅಷ್ಟೊಂದು ಗುರುತು. ಇಲ್ಲಿ ಕೆಲಸ ಮಾಡಿದ ಗೌಂಡಿಗಳು ಮನಸ್ಸಿನಲ್ಲಿ ಏನು ಅಂದುಕೊಂಡಿರಬೇಕು! ವಾಸ್ತುಶಿಲ್ಪಿಗೆ ತಲೆ ಕೆಟ್ಟಿದೆ ಅಂತಲೇ ಇರಬೇಕು.

ಕುಂಡದ ಹತ್ತಿರ ನಾಲ್ಕು ಪುತ್ಥಳಿ. ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್. ಎಲ್ಲರೂ ಫೋಟೋ ತೆಗೆಯುವುದು ಇವರದ್ದೇ. ನನಗೆ ಅವು ಅಷ್ಟೇನೂ ಹಿಡಿಸಲಿಲ್ಲ, ಶಾಲೆಯ ಪುಸ್ತಕದ ಚಿತ್ರದಿಂದ ಎದ್ದು ಬಂದ ಹಾಗಿವೆ. ಆದರೆ ಆರ್ಯಭಟನ ಮುಂದೆ ಅವಳು ಹೇಳಿದ ಒಂದು ವಿಷಯ ತಲೆಯಲ್ಲಿ ಉಳಿಯಿತು. ಅವನು 499ರಲ್ಲಿ, 23ನೇ ವಯಸ್ಸಿನಲ್ಲಿ, ಭೂಮಿ ತನ್ನ ಸುತ್ತ ತಾನು ತಿರುಗುತ್ತದೆ ಅಂದನಂತೆ. ದೋಣಿಯಲ್ಲಿ ಮುಂದೆ ಹೋಗುವವನಿಗೆ ದಡದ ಮೇಲಿನ ವಸ್ತುಗಳು ಹಿಂದೆ ಹೋದ ಹಾಗೆ ಕಾಣುತ್ತವೆ, ನಕ್ಷತ್ರಗಳೂ ಹಾಗೇ, ಓಡುವುದು ಅವಲ್ಲ, ನಾವು. ಕೃಷ್ಣಾ ನದಿಯಲ್ಲಿ ಹರಿಗೋಲು ಹತ್ತಿದ ನನಗೆ ಇದು ತಟ್ಟನೆ ಹೊಳೆಯಿತು.

ಅಲ್ಲೇ ಫೂಕೋ ಲೋಲಕ ಇದೆ. ಉದ್ದದ ತಂತಿ, ತುದಿಗೆ ಭಾರದ ಗುಂಡು. ನಮ್ಮ ತೂಗುಗುಂಡಿನ ದೊಡ್ಡಣ್ಣ. ಗೋಡೆ ನೆಟ್ಟಗಿದೆಯೇ ಅಂತ ನೋಡಲು ನಾವು ತೂಗುಗುಂಡು ಇಳಿಬಿಡುತ್ತೇವೆ, ಅದು ಅಲುಗಾಡದೆ ನಿಲ್ಲಲಿ ಅಂತ ಕಾಯುತ್ತೇವೆ. ಗಾಳಿ ಬಂದರೆ ಸಿಟ್ಟು ಬರುತ್ತದೆ. ಇಲ್ಲಿ ಉಲ್ಟಾ, ಅದು ತೂಗುತ್ತಲೇ ಇರಬೇಕು. 1851ರಲ್ಲಿ ಪ್ಯಾರಿಸ್ಸಿನಲ್ಲಿ ಫೂಕೋ ಎಂಬವರು ತೋರಿಸಿದ್ದು. ಗುಂಡು ತನ್ನ ದಾರಿಯಲ್ಲಿ ತೂಗುತ್ತದೆ, ಕೆಳಗೆ ನೆಲ ತಿರುಗುತ್ತದೆ, ನಮಗೆ ಗುಂಡಿನ ದಾರಿಯೇ ಬದಲಾದ ಹಾಗೆ ಕಾಣುತ್ತದೆ. ಧ್ರುವದಲ್ಲಿ ಒಂದು ಸುತ್ತಿಗೆ ಒಂದು ದಿನ. ಭೂಮಧ್ಯರೇಖೆಯಲ್ಲಿ ತಿರುಗುವುದೇ ಇಲ್ಲ. ಪುಣೆ ಇರುವುದು ಸುಮಾರು 18.5 ಡಿಗ್ರಿ ಉತ್ತರಕ್ಕೆ, ಅದಕ್ಕೇ ಇಲ್ಲಿ ಒಂದು ಸುತ್ತಿಗೆ ಹೆಚ್ಚುಕಡಿಮೆ 75 ಗಂಟೆ. ಗಂಟೆಗೆ 5 ಡಿಗ್ರಿಯೂ ಇಲ್ಲ. ಎರಡು ನಿಮಿಷ ನಿಂತು "ಏನೂ ಆಗಲಿಲ್ಲ" ಅಂತ ಹೋಗುವವರೇ ಜಾಸ್ತಿ. ನಾನು ಗುಂಡು ಹೋಗುವ ಗೆರೆಗೆ ಸರಿಯಾಗಿ ಒಂದು ಗುರುತನ್ನು ಕಣ್ಣಲ್ಲಿ ಹಿಡಿದೆ, ನಿಂತ ಜಾಗವನ್ನೂ ನೆನಪಿಟ್ಟುಕೊಂಡೆ. 40 ನಿಮಿಷ ಬಿಟ್ಟು ಬಂದು ಅದೇ ಜಾಗದಲ್ಲಿ ನಿಂತೆ. ಗುಂಡು ಗುರುತು ಬಿಟ್ಟು ಪಕ್ಕಕ್ಕೆ ಹೋಗುತ್ತಿತ್ತು. ಸರಿದದ್ದು ನಾನು ನಿಂತ ನೆಲ! 26 ವರ್ಷ ನೆಲವನ್ನು ರಸಮಟ್ಟ ಇಟ್ಟು ಅಲುಗಾಡದ ಹಾಗೆ ಕೂರಿಸಿದವನಿಗೆ ಇದು ಸ್ವಲ್ಪ ಅವಮಾನವೇ.

ಆ 40 ನಿಮಿಷದಲ್ಲಿ ಅಂಗಳಗಳನ್ನು ಸುತ್ತಿದೆವು. ಒಂದರಲ್ಲಿ ಸಿಯರ್ಪಿನ್‌ಸ್ಕಿ ತ್ರಿಕೋನ. ದೊಡ್ಡ ತ್ರಿಕೋನದ ನಡುವಿನದನ್ನು ತೆಗೆದರೆ ಮೂರು ಉಳಿಯುತ್ತವೆ, ಆ ಮೂರರ ನಡುವಿನದನ್ನೂ ತೆಗೆಯಬೇಕು, ಹಾಗೇ ಮುಂದುವರಿಸಬೇಕು. ಪ್ರತಿ ಸಲ ನಾಲ್ಕರಲ್ಲಿ ಒಂದು ಪಾಲು ಹೋಗುತ್ತದೆ. ಹತ್ತು ಸಲ ಮಾಡಿದರೆ ಉಳಿಯುವುದು ನೂರಕ್ಕೆ 6ಕ್ಕಿಂತ ಕಡಿಮೆ ಅಂತ ಅವಳು ಮೊಬೈಲಿನಲ್ಲಿ ಲೆಕ್ಕ ಹಾಕಿದಳು. ಇಷ್ಟು ವೇಸ್ಟೇಜ್ ತೋರಿಸಿದರೆ ಯಾವ ಗಿರಾಕಿ ದುಡ್ಡು ಕೊಡುತ್ತಾನೆ? ಇನ್ನೊಂದು ಕಡೆ ಇಂಗ್ಲಿಷಿನ ಎಂಟರ ಹಾಗೆ ನೆಲದ ಮೇಲೆ ಒಂದು ಆಕಾರ. ಜೋಡಿ ನಕ್ಷತ್ರಗಳ ಗಡಿಯಂತೆ ಅದು, ರೋಶ್ ಹಾಲೆ ಅಂತ ಹೆಸರು. ನನಗೆ ಅರ್ಥವಾದದ್ದು ಹೀಗೆ: ಪಕ್ಕಪಕ್ಕ ಎರಡು ಹೊಲ, ಎರಡಕ್ಕೂ ಬದು. ಒಂದು ಹೊಲದಲ್ಲಿ ನೀರು ತುಂಬಿ ಬದು ಮೀರಿದರೆ, ಎರಡೂ ಬದು ಕೂಡುವ ಜಾಗದಿಂದ ಅದು ಪಕ್ಕದವನ ಪಾಲಾಗುತ್ತದೆ. ನಕ್ಷತ್ರ ಉಬ್ಬಿದರೂ ಅದೇ ಕಥೆ. "ಹೌದು ಮಾಮಾ, ಬರೋಬರಿ" ಅಂದಳು.

ತೂತುಗಳಿರುವ ಗುಮ್ಮಟ ಒಂದಿದೆ. 1988ರ ಡಿಸೆಂಬರ್ 29ರಂದು, ಅಡಿಗಲ್ಲು ಇಟ್ಟ ದಿನ, ಆಕಾಶದಲ್ಲಿ ನಕ್ಷತ್ರ ಎಲ್ಲಿದ್ದವೋ ಅಲ್ಲಲ್ಲೇ ತೂತು. ಹೊರಗಿನ ಬಿಸಿಲೇ ಒಳಗೆ ನಕ್ಷತ್ರ. ಗೋಳಗುಮ್ಮಟದಲ್ಲಿ ಕೂಗಿ ಬಂದವನಿಗೆ ಇದು ಪುಟ್ಟದು, ಆದರೂ ಕತ್ತು ನೋಯುವ ತನಕ ನೋಡಿದೆ.

ನೋಡಲು ಹೋಗುವವರಿಗೆ ನನ್ನಿಂದ ಎರಡು ಮಾತು. ಮೊಬೈಲ್ ಮೊದಲ ಅರ್ಧ ಗಂಟೆ ಜೇಬಲ್ಲಿರಲಿ. ಮಳೆ ನಿಂತ ಮೇಲಿನ ಬೆಳಿಗ್ಗೆ ಹೋಗಿ. ಒಣಗಿದ ಕಲ್ಲು ಸುಳ್ಳು ಹೇಳುತ್ತದೆ, ಒದ್ದೆ ಕಲ್ಲು ನಿಜ ಬಣ್ಣ ತೋರಿಸುತ್ತದೆ. ಅಂಗಡಿಯಲ್ಲಿ ಗ್ರಾನೈಟ್ ಆರಿಸುವಾಗ ನಾವು ನೀರು ಚಿಮುಕಿಸಿ ನೋಡುವುದು ಅದಕ್ಕೇ. ಓರೆ ಬೆಳಕಿದ್ದರೆ ಉಳಿ ಏಟು ಕೂಡ ಎಣಿಸಬಹುದು.

ಮುಂದಿನ ಫೆಬ್ರವರಿ 28ಕ್ಕೆ ನನ್ನ ಹುಡುಗರನ್ನು ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಆರು ಜನ ಇದ್ದಾರೆ, ಸಿಂದಗಿ ಕಡೆಯ ಹಿರಿಯ ಗೌಂಡಿ ಒಬ್ಬರಿದ್ದಾರೆ. ಅವರಿಗೆ ಆ ಕುಂಡದ ಸೊಟ್ಟ ಕಲ್ಲುಗಳ ಬಗ್ಗೆ ಎಲ್ಲಾ ವಿವರಿಸಿದೆ. ತಂಬಾಕು ತಿಕ್ಕುತ್ತಾ ಕೇಳಿದರು. ಕೊನೆಗೆ, "ನೋಡಾಕ ಬರ್ತೀವಿ ಬಿಡ್ರಿ ಸಾವಕಾರ್ರ. ಆ ದಿನದ್ದು ಪಗಾರ ಹೆಂಗ?" ಅಂದರು. ಅರ್ಧ ಪಗಾರ ಮತ್ತು ಎಲ್ಲರಿಗೂ ಮಿಸಳ್ ಅಂತ ಮಾತಾಗಿದೆ.